ಪಾವಗಡದ ಬಿಸಿಲು, ಹೊರದೇಶದ ಒಡೆತನ

ಪಾವಗಡ ತಾಲ್ಲೂಕಿನ ತಿರುಮಣಿಯ ಸೌರ ಪಾರ್ಕಿನಲ್ಲಿ ಕೆಲವು ವರ್ಷ ಫಿನ್‌ಲೆಂಡ್ ಸರ್ಕಾರಕ್ಕೂ ಪಾಲಿತ್ತು ಎಂದರೆ ಸುಲಭಕ್ಕೆ ಯಾರೂ ನಂಬುವುದಿಲ್ಲ. ಫೋರ್ಟಮ್ ಎಂಬುದು ಆ ದೇಶದ ದೊಡ್ಡ ವಿದ್ಯುತ್ ಕಂಪನಿ. ಅದರ ಅರ್ಧಕ್ಕಿಂತ ತುಸು ಹೆಚ್ಚು ಷೇರು ಅಲ್ಲಿನ ಸರ್ಕಾರದ ಕೈಯಲ್ಲಿದೆ. 2016ರ ಹರಾಜಿನಲ್ಲಿ ಯೂನಿಟ್ಟಿಗೆ 4.79 ರೂಪಾಯಿ ದರ ಕೂಗಿ ಆ ಕಂಪನಿ ಪಾವಗಡದಲ್ಲಿ 100 ಮೆಗಾವ್ಯಾಟ್ ಸ್ಥಾವರ ಪಡೆಯಿತು. ಆಮೇಲೆ 250 ಮೆಗಾವ್ಯಾಟ್‌ನ ಇನ್ನೊಂದನ್ನೂ ಕಟ್ಟಿತು. ಆ ಎರಡನೆಯದನ್ನು ಬ್ರಿಟನ್ ಮೂಲದ ಆಕ್ಟಿಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಲು 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಇದೇ ಪಾರ್ಕಿನಲ್ಲಿ ಸ್ಥಾವರ ಹೊಂದಿದ್ದ, ಜಪಾನಿನ ಸಾಫ್ಟ್‌ಬ್ಯಾಂಕ್ ಶೇಕಡ 80 ಪಾಲು ಹೊಂದಿದ್ದ ಎಸ್‌ಬಿ ಎನರ್ಜಿ ಕಂಪನಿ ಅದಾನಿ ಗ್ರೀನ್‌ಗೆ ಮಾರಾಟವಾಯಿತು. ಅದಾನಿ ಗ್ರೀನ್‌ನಲ್ಲಿ ಆ ಹೊತ್ತಿಗಾಗಲೇ ಫ್ರಾನ್ಸಿನ ಟೋಟಲ್ ಕಂಪನಿ ಸುಮಾರು ಐದನೇ ಒಂದು ಪಾಲು ಕೊಂಡಿತ್ತು.

ಇಷ್ಟೆಲ್ಲ ಕೈ ಬದಲಾದರೂ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ರೈತರ ಖಾತೆಗೆ ಬರುವ ಗುತ್ತಿಗೆ ಹಣದಲ್ಲಿ ವ್ಯತ್ಯಾಸವಾಗಲಿಲ್ಲ, ನಮ್ಮ ಮನೆಯ ದೀಪವೂ ಮಿಣುಕಲಿಲ್ಲ. ಹಾಗಾಗಿ ಯಾರೂ ಗಮನಿಸಲೂ ಇಲ್ಲ. ಆದರೆ ಪ್ರಪಂಚದ ಅನೇಕ ದೇಶಗಳು ಈಗ ಇಂಥದೇ ಮಾರಾಟಗಳನ್ನು ಕಣ್ಣಿಟ್ಟು ನೋಡುತ್ತಿವೆ. ವಿದ್ಯುತ್, ಬಂದರು, ವಿಮಾನ ನಿಲ್ದಾಣ, ದೂರಸಂಪರ್ಕದಂಥ ಜೀವನಾಡಿಗಳು ಹೊರದೇಶದವರ ಕೈಗೆ ಹೋದರೆ ದೇಶದ ಭದ್ರತೆಗೆ ಅಪಾಯವಲ್ಲವೇ ಎಂದು ಕೇಳುತ್ತಿವೆ. ಕೆಲವು ದೇಶಗಳು ತಡೆಯುತ್ತಿವೆ, ಕೆಲವು ಹಿಂದಕ್ಕೆ ಕಿತ್ತುಕೊಳ್ಳುತ್ತಿವೆ. ಸಾವಿರಾರು ಕೋಟಿ ರೂಪಾಯಿಯ ಪಾರ್ಕನ್ನು ಮಡಿಲಲ್ಲಿ ಇಟ್ಟುಕೊಂಡಿರುವ ನಮ್ಮ ಭಾಗದವರು ಈ ಚರ್ಚೆಯನ್ನು ದೆಹಲಿಯವರಿಗೇ ಬಿಟ್ಟುಕೊಡಬೇಕಾಗಿಲ್ಲ.

ಮೊದಲು ಪಾರ್ಕಿನಲ್ಲಿ ಯಾವುದು ಯಾರದು ಎಂಬುದನ್ನು ಬಿಡಿಸಿ ನೋಡೋಣ. ನೆಲ ರೈತರದೇ. ಸುಮಾರು 2,300 ರೈತರು 28 ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. ಪಹಣಿಯಲ್ಲಿ ಹೆಸರು ಬದಲಾಗಿಲ್ಲ. ಗುತ್ತಿಗೆ ಹಿಡಿದಿರುವುದು ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯಾದ ಕ್ರೆಡಲ್ ಮತ್ತು ಕೇಂದ್ರದ ಸೌರ ಇಂಧನ ನಿಗಮ ಸೇರಿ 2015ರಲ್ಲಿ ಕಟ್ಟಿದ ಸಂಸ್ಥೆ ಅದು. ಪಾರ್ಕಿನೊಳಗಿನ ರಸ್ತೆ, ಸಬ್‌ಸ್ಟೇಷನ್‌ಗಳನ್ನು ಈ ನಿಗಮವೇ ಮಾಡಿತು. ಅಲ್ಲಿಂದ ಹೊರಗೆ ಮಧುಗಿರಿ ಮತ್ತಿತರ ಕಡೆಯ ಜಾಲಕ್ಕೆ ವಿದ್ಯುತ್ ಒಯ್ಯುವ 400 ಕಿಲೋವೋಲ್ಟ್ ಮಾರ್ಗಗಳು ಕೇಂದ್ರ ಸರ್ಕಾರದ ಪವರ್ ಗ್ರಿಡ್ ನಿಗಮದ್ದು. ಈ ನಡುವೆ, ನೆಲದ ಮೇಲೆ, ಗುತ್ತಿಗೆಯ ತುಂಡುಗಳಲ್ಲಿ ಫಲಕ ಹಾಸಿ ವಿದ್ಯುತ್ ಮಾಡುವವರು ಮಾತ್ರ ಖಾಸಗಿ ಕಂಪನಿಗಳು. ಟಾಟಾ, ಅದಾನಿ, ಅವಾಡ, ಆಕ್ಮೆ, ರಿನ್ಯೂ ಮೊದಲಾದ ಹೆಸರುಗಳು ಅಲ್ಲಿವೆ. ಅವುಗಳ ಹಿಂದೆ ಹಲವು ದೇಶಗಳ ದುಡ್ಡಿದೆ.

ಈ ಏರ್ಪಾಡು ಚೆನ್ನಾಗಿದೆ ಎಂದೇ ನನ್ನ ಅಭಿಪ್ರಾಯ. ಆರು ದಶಕಗಳಲ್ಲಿ 54 ಸಲ ಬರಪೀಡಿತ ಎಂದು ಘೋಷಣೆಯಾದ ತಾಲ್ಲೂಕಿನಲ್ಲಿ ಕಡಲೆಕಾಯಿ ಕೈಕೊಟ್ಟ ಹೊಲಕ್ಕೆ ಖಚಿತ ಆದಾಯ ಬಂತು. ಭೂಮಿ ಇಲ್ಲದ ಕೂಲಿಕಾರರಿಗೆ ಈ ಲೆಕ್ಕದಲ್ಲಿ ಏನೂ ಸಿಗಲಿಲ್ಲ ಎಂಬುದು ನಿಜ. ಅದು ಬೇರೆಯದೇ ಲೇಖನಕ್ಕೆ ತಕ್ಕ ದೊಡ್ಡ ಅನ್ಯಾಯ. ಆದರೆ ಭದ್ರತೆಯ ದೃಷ್ಟಿಯಿಂದ ನೋಡಿದರೆ ನೆಲವನ್ನು ಮಾರದೆ ಗುತ್ತಿಗೆ ಕೊಟ್ಟದ್ದು, ತಂತಿ ಮಾರ್ಗವನ್ನು ಸರ್ಕಾರದ ಸಂಸ್ಥೆಗಳೇ ಇಟ್ಟುಕೊಂಡದ್ದು ವಿವೇಕದ ಕೆಲಸ.

ಅಂಥ ವಿವೇಕಕ್ಕೆ ಈ ನಾಡಿನಲ್ಲಿ ಹಳೆಯ ಬೇರಿದೆ. ಶಿವನಸಮುದ್ರದ ವಿದ್ಯುತ್ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, ಸುಮಾರು 147 ಕಿಲೋಮೀಟರ್ ದೂರ. ಆ ವಿದ್ಯುತ್ತಿನ ಗಿರಾಕಿ ಇಂಗ್ಲಿಷರ ಗಣಿ ಕಂಪನಿಗಳು. ಜನರೇಟರ್ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನ್ ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು. ಯೋಜನೆಯ ಮುಖ್ಯ ಎಂಜಿನಿಯರ್ ಜೋಲಿ ದ ಲೋಬಿನಿಯೇರ್ ಕೂಡ ಪರದೇಶಿಯರೇ. ಹೀಗೆ ತಂತ್ರ, ಯಂತ್ರ, ಮಾರುಕಟ್ಟೆ ಮೂರೂ ಹೊರಗಿನವು. ಆದರೆ ದಿವಾನ್ ಶೇಷಾದ್ರಿ ಅಯ್ಯರ್ ಅವರು ರೂಪಿಸಿದ ಆ ಯೋಜನೆಯಲ್ಲಿ ಸ್ಥಾವರದ ಒಡೆತನ, ನಡೆಸುವ ಅಧಿಕಾರ ಎರಡೂ ಮೈಸೂರು ಸಂಸ್ಥಾನದ್ದಾಗಿ ಉಳಿದವು. ಅದರಿಂದಲೇ 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಾಕುವ ತೀರ್ಮಾನವನ್ನು ಸಂಸ್ಥಾನ ತಾನೇ ಮಾಡಲು ಸಾಧ್ಯವಾಯಿತು. ಹೊರಗಿನಿಂದ ಏನು ತರಬಹುದು, ಏನನ್ನು ಕೈಬಿಡಬಾರದು ಎಂಬ ಗೆರೆಯನ್ನು ಶತಮಾನದ ಹಿಂದೆಯೇ ಎಳೆದಿದ್ದೇವೆ.

ಈಗ ಆ ಗೆರೆ ಎಲ್ಲಿ ಬೀಳಬೇಕು? ಹೊರದೇಶದ ಒಡೆತನವೆಲ್ಲ ಒಂದೇ ಅಲ್ಲ ಎಂಬುದು ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ಓಡಾಡಿದರೇ ತಿಳಿಯುತ್ತದೆ. ಶಿರಾ ಮೂಲಕ ಹೋಗುವ ತುಮಕೂರು–ಚಿತ್ರದುರ್ಗ ಷಟ್ಪಥ ಹೆದ್ದಾರಿಯ ಟೋಲ್ ಹಕ್ಕು ಐಆರ್‌ಬಿ ಹೂಡಿಕೆ ಟ್ರಸ್ಟಿನ ಬಳಿ ಇದೆ. ಅದನ್ನು ಹುಟ್ಟುಹಾಕಿದ ಐಆರ್‌ಬಿ ಕಂಪನಿಯಲ್ಲಿ 2021ರ ಕೊನೆಗೆ ಸ್ಪೇನಿನ ಫೆರೋವಿಯಲ್ ಸುಮಾರು ಕಾಲು ಪಾಲನ್ನು ಕೊಂಡಿತು, ಸಿಂಗಪುರ ಸರ್ಕಾರದ ಜಿಐಸಿ ಇನ್ನೊಂದಿಷ್ಟನ್ನು ಕೊಂಡಿತು. ಕೊರಟಗೆರೆಯಿಂದ ಸಿದ್ದರಬೆಟ್ಟದ ಕಡೆಗೆ ಹೋಗುವಾಗ ಹಳ್ಳಿಹಳ್ಳಿಗೂ ಕಾಣುವ ಮೊಬೈಲ್ ಗೋಪುರಗಳಂಥವುಗಳಲ್ಲಿ ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಇಂದು ಕೆನಡಾದ ಬ್ರೂಕ್‌ಫೀಲ್ಡ್ ನಡೆಸುವ ಟ್ರಸ್ಟ್‌ಗಳಿಗೆ ಸೇರಿವೆ. ಅಮೆರಿಕನ್ ಟವರ್ ಕಂಪನಿ ತನ್ನ ಭಾರತದ ಗೋಪುರಗಳನ್ನೆಲ್ಲ 2024ರಲ್ಲಿ ಅದಕ್ಕೇ ಮಾರಿತು.

ಹೆದ್ದಾರಿಯಲ್ಲಿ ಹೊರದೇಶದವರ ಪಾಲಿದ್ದರೆ ನನಗೆ ನಿದ್ದೆ ಕೆಡುವುದಿಲ್ಲ. ರಸ್ತೆಯನ್ನು ಮ್ಯಾಡ್ರಿಡ್‌ನಲ್ಲಿ ಕುಳಿತು ಯಾರೂ ಆರಿಸಲಾರರು. ಯುದ್ಧ ಬಂದರೆ ಟೋಲ್ ಗೇಟು ತೆಗೆದು ಸೇನೆಯ ಲಾರಿ ಬಿಡಲು ಒಬ್ಬ ಇನ್‌ಸ್ಪೆಕ್ಟರ್ ಸಾಕು. ಗೋಪುರದ ವಿಷಯ ಸ್ವಲ್ಪ ಬೇರೆ. ಆದರೆ ಕಬ್ಬಿಣದ ಕಂಬ, ಬ್ಯಾಟರಿ ಗೋಪುರದ ಕಂಪನಿಯವು, ಮಾತು ಸಾಗಿಸುವ ಉಪಕರಣಗಳು ದೂರಸಂಪರ್ಕ ಕಂಪನಿಗಳವು. ಆ ಉಪಕರಣಗಳನ್ನು ನಂಬಿಕಸ್ಥ ಮೂಲಗಳಿಂದಲೇ ಕೊಳ್ಳಬೇಕೆಂಬ ನಿರ್ದೇಶನ 2021ರ ಜೂನ್‌ನಿಂದ ಜಾರಿಯಲ್ಲಿದೆ. ವಿದ್ಯುತ್ ಸ್ಥಾವರದ ಸಂಗತಿ ಮಾತ್ರ ಈ ಎರಡಕ್ಕಿಂತ ಸೂಕ್ಷ್ಮ. ಅದನ್ನು ನಿಧಾನವಾಗಿ ನೋಡಬೇಕು.

ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿದೂಗಬೇಕು. ದೇಶವಿಡೀ ಜಾಲ ಸೆಕೆಂಡಿಗೆ 50 ಆವರ್ತದ ಲಯದಲ್ಲಿ ನಡೆಯುತ್ತದೆ, 49.90ರಿಂದ 50.05ರ ನಡುವೆ ಇರಬೇಕೆಂಬುದು ನಿಯಮ. ಎಲ್ಲೋ ಒಂದು ಕಡೆ ಏಕಾಏಕಿ ದೊಡ್ಡ ಉತ್ಪಾದನೆ ನಿಂತರೆ ಈ ಲಯ ಕುಸಿಯುತ್ತದೆ. ಹೆಚ್ಚು ಕುಸಿದರೆ ಯಂತ್ರಗಳನ್ನು ಉಳಿಸಿಕೊಳ್ಳಲು ಒಂದಾದ ಮೇಲೊಂದು ಸ್ಥಾವರ ತಾನಾಗಿಯೇ ಜಾಲದಿಂದ ಕಳಚಿಕೊಳ್ಳುತ್ತದೆ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ 60 ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಮುಳುಗಿದಾಗ ನಾವು ದಕ್ಷಿಣದವರು ತಪ್ಪಿಸಿಕೊಂಡೆವು, ಏಕೆಂದರೆ ಆಗ ನಮ್ಮ ಜಾಲ ಅವರ ಲಯಕ್ಕೆ ಕಟ್ಟುಬಿದ್ದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಶುರುವಾಗಿ ಇಡೀ ದೇಶ ಒಂದೇ ಜಾಲವಾಯಿತು. ಅದರ ಲಾಭ ದೊಡ್ಡದು. ಆದರೆ ಒಂದು ಮೂಲೆಯ ಪೆಟ್ಟು ಇನ್ನೊಂದು ಮೂಲೆಗೆ ತಟ್ಟುವ ದಾರಿಯೂ ತೆರೆಯಿತು.

ಪಾವಗಡದ ಪಾರ್ಕಿನ ಶಕ್ತಿ 2,050 ಮೆಗಾವ್ಯಾಟ್. ರಾಜ್ಯದ ಗರಿಷ್ಠ ಬೇಡಿಕೆ ಈಗ 17,000 ಮೆಗಾವ್ಯಾಟ್ ದಾಟಿದೆ. ಅಂದರೆ ಮಟಮಟ ಮಧ್ಯಾಹ್ನ ಪಾರ್ಕು ಪೂರ್ತಿ ಉರಿಯುವಾಗ ರಾಜ್ಯದ ಗರಿಷ್ಠ ಬೇಡಿಕೆಯ ಎಂಟರಲ್ಲೊಂದು ಭಾಗದಷ್ಟು ವಿದ್ಯುತ್ ಒಂದೇ ಹೋಬಳಿಯಿಂದ ಹೊರಡುತ್ತದೆ. ಮೋಡ ಬಂದರೆ ಇಳಿಯುತ್ತದೆ, ಸಂಜೆ ನಿಲ್ಲುತ್ತದೆ. ಇದು ಜಾಲವನ್ನು ಸರಿದೂಗಿಸುವ, ಬೆಂಗಳೂರಿನಲ್ಲಿರುವ ಲೋಡ್ ಡಿಸ್ಪ್ಯಾಚ್ ಕೇಂದ್ರಗಳಿಗೆ ಮೊದಲೇ ಗೊತ್ತಿರುವ ಸಂಗತಿ, ಅದಕ್ಕೆ ಅವರು ತಯಾರಿರುತ್ತಾರೆ. ಮುನ್ಸೂಚನೆ ಇಲ್ಲದೆ ಸೆಕೆಂಡುಗಳಲ್ಲಿ ನಿಲ್ಲುವುದು ಬೇರೆ ಮಾತು. 2025ರ ಏಪ್ರಿಲ್ 28ರಂದು ಸ್ಪೇನಿನಲ್ಲಿ ಐದು ಸೆಕೆಂಡಿನೊಳಗೆ ಸುಮಾರು 15,000 ಮೆಗಾವ್ಯಾಟ್ ಕಳೆದುಹೋಗಿ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದವು. ಅದು ಯಾರದೋ ಕೈವಾಡವಲ್ಲ, ವೋಲ್ಟೇಜ್ ನಿಯಂತ್ರಣದ ಸೋಲು. ಆದರೆ ಬೇಕೆಂದೇ ಯಾರಾದರೂ ಮಾಡಿದರೆ ಏನಾದೀತು ಎಂಬುದಕ್ಕೆ ಅದೊಂದು ಅಳತೆಗೋಲು.

ಹಾಗೆ ಬೇಕೆಂದು ಮಾಡಲು ಸಾಧ್ಯವೇ? ಸೌರ ಫಲಕದಲ್ಲಿ ಹುಟ್ಟುವುದು ಡಿಸಿ ವಿದ್ಯುತ್. ಅದನ್ನು ಜಾಲಕ್ಕೆ ಬೇಕಾದ ಎಸಿ ಮಾಡುವ ಯಂತ್ರ ಇನ್ವರ್ಟರ್. ನಮ್ಮ ಮನೆಯ ಬ್ಯಾಟರಿ ಪಕ್ಕದ ಪೆಟ್ಟಿಗೆಗೂ ಇದಕ್ಕೂ ಹೆಸರೊಂದೇ. ಸೌರ ಪಾರ್ಕಿನ ಇನ್ವರ್ಟರ್ ಒಳಗೆ ಕಂಪ್ಯೂಟರ್ ಇರುತ್ತದೆ, ಅದಕ್ಕೆ ತಂತ್ರಾಂಶವಿರುತ್ತದೆ, ಆ ತಂತ್ರಾಂಶವನ್ನು ದೂರದಿಂದಲೇ ಪರಿಷ್ಕರಿಸುವ, ಯಂತ್ರವನ್ನು ದೂರದಿಂದಲೇ ಏರಿಸುವ ಇಳಿಸುವ ಸೌಲಭ್ಯವಿರುತ್ತದೆ. ದುರಸ್ತಿಗೆ, ನಿಗಾಕ್ಕೆ ಅದು ಬೇಕು. ಆದರೆ ದೂರದಿಂದ ದುರಸ್ತಿ ಮಾಡಬಲ್ಲವರು ದೂರದಿಂದ ನಿಲ್ಲಿಸಲೂ ಬಲ್ಲರು. ಈ ಕಾರಣಕ್ಕೇ ಲಿಥುವೇನಿಯಾ 2024ರ ನವೆಂಬರ್‌ನಲ್ಲಿ ಒಂದು ಕಾನೂನು ಮಾಡಿತು. 100 ಕಿಲೋವ್ಯಾಟ್‌ಗಿಂತ ದೊಡ್ಡ ಸೌರ, ಗಾಳಿ, ಬ್ಯಾಟರಿ ಸ್ಥಾವರಗಳ ನಿಯಂತ್ರಣ ವ್ಯವಸ್ಥೆಗೆ ಚೀನಾದಿಂದ ದೂರ ಸಂಪರ್ಕ ಇರಕೂಡದು ಎಂಬುದು ಅದರ ಸಾರ. ಯಂತ್ರವನ್ನು ಅದು ನಿಷೇಧಿಸಲಿಲ್ಲ, ಯಂತ್ರದ ಮೇಲಿನ ಕೈಯನ್ನು ನಿಷೇಧಿಸಿತು. ಈ ಭೇದ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ನಮ್ಮ ಕಡೆಯ ರೈತರಿಗೆ ಇದನ್ನು ಹೀಗೆ ಹೇಳಬಹುದು. ಬೋರ್‌ವೆಲ್ ಕೊರೆಸಲು ಸಾಲ ಯಾರು ಕೊಟ್ಟರು, ಮೋಟಾರು ಯಾವ ಊರಿನದು ಎಂಬುದಕ್ಕಿಂತ ಸ್ಟಾರ್ಟರ್ ಪೆಟ್ಟಿಗೆಯ ಕೀಲಿ ಯಾರ ಬಳಿ ಇದೆ ಎಂಬುದು ಬೆಳೆಗೆ ದೊಡ್ಡದು.

ಈ ಆತಂಕ ಬರೀ ಊಹೆಯಲ್ಲ. ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ಪ್ರಕಾರ ಚೀನಾ ನಂಟಿನ ಗುಂಪೊಂದು ಭಾರತದ ವಿದ್ಯುತ್ ವಲಯದ ಹತ್ತು ಸಂಸ್ಥೆಗಳ ಜಾಲದೊಳಗೆ ನುಸುಳಲು ಯತ್ನಿಸಿತ್ತು. ಆ ಪಟ್ಟಿಯಲ್ಲಿ ಬೆಂಗಳೂರಿನ ದಕ್ಷಿಣ ವಲಯ ಲೋಡ್ ಡಿಸ್ಪ್ಯಾಚ್ ಕೇಂದ್ರವಿತ್ತು, ವಿಜಯಪುರ ಜಿಲ್ಲೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರವೂ ಇತ್ತು. ಕೆಲಸಕ್ಕೆ ಯಾವ ಧಕ್ಕೆಯೂ ಆಗಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ ಹೇಳಿತು. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಕೂಡಗಿ ಕೇಂದ್ರ ಸರ್ಕಾರದ ಎನ್‌ಟಿಪಿಸಿ ಕಂಪನಿಯದು, ಲೋಡ್ ಡಿಸ್ಪ್ಯಾಚ್ ಕೇಂದ್ರ ಸರ್ಕಾರದ್ದು. ಎರಡೂ ಹೊರದೇಶದವರ ಹತೋಟಿಯಲ್ಲಿಲ್ಲ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಕಂಪ್ಯೂಟರ್‌ಗಳನ್ನು ದೂರದಿಂದ ವಶಪಡಿಸಿಕೊಂಡು ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕತ್ತಲು ತಂದಾಗಲೂ ಶತ್ರುವಿಗೆ ಒಂದು ಷೇರೂ ಬೇಕಾಗಲಿಲ್ಲ. ಹಾಗಾಗಿ ವಿದೇಶಿ ಒಡೆತನ ನಿಷೇಧಿಸಿದ ಮಾತ್ರಕ್ಕೆ ದೇಶ ಸುರಕ್ಷಿತ ಎಂದು ಹೇಳುವವರು ಅರ್ಧ ಮಾತು ಹೇಳುತ್ತಿದ್ದಾರೆ. ಒಡೆತನ ಕಳ್ಳನಿಗೆ ಮುಂಬಾಗಿಲು ತೆರೆದುಕೊಡಬಹುದು. ಕಿಟಕಿಗಳು ಬೇರೆಯೇ ಇವೆ.

ನಮ್ಮ ಕಾನೂನು ಈಗ ಏನು ಹೇಳುತ್ತದೆ? ವಿದ್ಯುತ್ ಉತ್ಪಾದನೆಯಲ್ಲಿ ವಿದೇಶಿ ಹೂಡಿಕೆ ನೂರಕ್ಕೆ ನೂರು ಇರಬಹುದು, ಸರ್ಕಾರವನ್ನು ಮುಂಚಿತವಾಗಿ ಕೇಳಬೇಕಾಗಿಲ್ಲ. ಅಣು ವಿದ್ಯುತ್ ಈ ಸಡಿಲಿಕೆಯ ಹೊರಗಿತ್ತು. ವಿದ್ಯುತ್ ವಿನಿಮಯ ಕೇಂದ್ರಗಳಿಗೆ ಶೇಕಡ 49ರ ಮಿತಿ ಇಟ್ಟಿದ್ದಾರೆ. 2020ರ ಏಪ್ರಿಲ್ 17ರಂದು ಕೇಂದ್ರ ಸರ್ಕಾರ ಹೊರಡಿಸಿದ ಮೂರನೇ ಪತ್ರಿಕಾ ಟಿಪ್ಪಣಿ ಒಂದು ದೊಡ್ಡ ತಿರುವು. ಭಾರತದೊಂದಿಗೆ ಭೂಗಡಿ ಇರುವ ದೇಶಗಳ ಹೂಡಿಕೆ ಯಾವ ವಲಯಕ್ಕೆ ಬಂದರೂ ಸರ್ಕಾರದ ಅನುಮತಿ ಬೇಕು ಎಂದು ಅದು ಹೇಳಿತು. ಈಗಾಗಲೇ ಇರುವ ಕಂಪನಿ ಕೈ ಬದಲಾಗಿ ಅದರ ನಿಜವಾದ ಫಲಾನುಭವಿ ಆ ದೇಶಗಳವರಾದರೂ ಅನುಮತಿ ಬೇಕು ಎಂದಿತು. ಅದೇ ವರ್ಷ ಜುಲೈನಲ್ಲಿ, ಚೀನಾ ಜೊತೆಗಿನ ಗಾಲ್ವಾನ್ ಸಂಘರ್ಷದ ಬೆನ್ನಿಗೆ, ಇಂಧನ ಸಚಿವಾಲಯ ವಿದ್ಯುತ್ ವಲಯಕ್ಕೆ ಬರುವ ಆಮದು ಉಪಕರಣಗಳಲ್ಲಿ ಕುತಂತ್ರಾಂಶ ಅಡಗಿದೆಯೇ ಎಂದು ಪರೀಕ್ಷಿಸಬೇಕೆಂದು ಆದೇಶಿಸಿತು. 2021ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸೈಬರ್ ಭದ್ರತೆಯ ಮಾರ್ಗಸೂಚಿ ತಂದಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಪಾವಗಡದ ಪಾರ್ಕಿನ ಮೊದಲ 600 ಮೆಗಾವ್ಯಾಟ್ ಅನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದ್ದು 2018ರ ಮಾರ್ಚ್ 1ರಂದು, ಪೂರ್ತಿ ಪಾರ್ಕು ಸಿದ್ಧವಾಗಿದ್ದು 2019ರ ಕೊನೆಗೆ. ನಿಯಮಗಳು ಬರುವ ಹೊತ್ತಿಗೆ ಫಲಕಗಳು ಹಾಸಿಯಾಗಿದ್ದವು. ಆ ವರ್ಷಗಳಲ್ಲಿ ದೇಶಕ್ಕೆ ಬರುತ್ತಿದ್ದ ಸೌರ ಫಲಕಗಳಲ್ಲಿ ಬಹುಪಾಲು ಚೀನಾದವು.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ನಮ್ಮ ನಿಯಮಗಳು ಹಣ ಯಾವ ದೇಶದಿಂದ ಬಂತು, ಯಾವ ವಲಯಕ್ಕೆ ಬಂತು ಎಂದು ಕೇಳುತ್ತವೆ. ಸ್ಥಾವರ ಯಾವ ಜಾಗದಲ್ಲಿದೆ, ಅದನ್ನು ನಡೆಸುವ ಕೊಠಡಿ ಎಲ್ಲಿದೆ ಎಂದು ಅಷ್ಟು ಕಟ್ಟುನಿಟ್ಟಾಗಿ ಕೇಳುವುದಿಲ್ಲ. ಅಮೆರಿಕ ಕೇಳುತ್ತದೆ. 2012ರಲ್ಲಿ ರಾಲ್ಸ್ ಎಂಬ ಚೀನೀ ಒಡೆತನದ ಕಂಪನಿ ಒರೆಗಾನ್ ರಾಜ್ಯದಲ್ಲಿ ನಾಲ್ಕು ಸಣ್ಣ ಗಾಳಿ ವಿದ್ಯುತ್ ಯೋಜನೆಗಳನ್ನು ಕೊಂಡಾಗ ಅಧ್ಯಕ್ಷ ಒಬಾಮಾ ಅದನ್ನು ರದ್ದು ಮಾಡಿದರು. ಗಾಳಿಯಂತ್ರದಿಂದ ತೊಂದರೆ ಇರಲಿಲ್ಲ. ಪಕ್ಕದಲ್ಲಿ ನೌಕಾಪಡೆಯ ತರಬೇತಿ ನೆಲೆಯಿತ್ತು. ಪಾವಗಡಕ್ಕೆ ಹತ್ತಿರದ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಿದೆ. ಅದೇ ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರಗಳಿವೆ. ಇತ್ತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಇಂಥ ನೆರೆಯಲ್ಲಿ ಯಾರ ಸ್ಥಾವರ ಯಾರಿಗೆ ಮಾರಾಟವಾಯಿತು ಎಂದು ಒಬ್ಬರಾದರೂ ನೋಡುತ್ತಿರಬೇಕು. ರಾಲ್ಸ್ ಪ್ರಕರಣದ ಇನ್ನರ್ಧವನ್ನೂ ಹೇಳಬೇಕು: ಆ ಕಂಪನಿ ನ್ಯಾಯಾಲಯಕ್ಕೆ ಹೋಯಿತು, ಕಾರಣ ತಿಳಿಸದೆ ಆಸ್ತಿ ಕಸಿದದ್ದು ತಪ್ಪು ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಭದ್ರತೆಯ ಹೆಸರು ಹೇಳಿದ ಕೂಡಲೇ ನ್ಯಾಯದ ಕೆಲಸ ಮುಗಿಯುವುದಿಲ್ಲ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಇದಕ್ಕೆಲ್ಲ ಒಂದು ಒಳ್ಳೆಯ ಪಾಠ. ಅದನ್ನು ನಡೆಸುವ ಕಂಪನಿಯ ಶೇಕಡ 74 ಷೇರು ಈಗ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ್ದು. ಉಳಿದ 26ನ್ನು ರಾಜ್ಯ ಸರ್ಕಾರದ ಸಂಸ್ಥೆ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸಮನಾಗಿ ಹಂಚಿಕೊಂಡಿವೆ. 2023ರ ಸೆಪ್ಟೆಂಬರ್‌ನಿಂದ ಭಾರತ–ಕೆನಡಾ ಸಂಬಂಧ ಎಷ್ಟು ಹದಗೆಟ್ಟಿತು, ರಾಯಭಾರ ಅಧಿಕಾರಿಗಳನ್ನು ಎರಡೂ ಕಡೆ ಹೊರಗಟ್ಟಿದರು ಎಂಬುದು ನೆನಪಿರಬಹುದು. ಆಗಲೂ ದೇವನಹಳ್ಳಿಯಲ್ಲಿ ಒಂದು ವಿಮಾನವೂ ಆ ಕಾರಣಕ್ಕೆ ನಿಲ್ಲಲಿಲ್ಲ. ಅಲ್ಲಿ ವಿಮಾನಗಳಿಗೆ ದಾರಿ ತೋರುವ ಸಂಚಾರ ನಿಯಂತ್ರಣವು ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿದೆ, ಕಾವಲು ಸಿಐಎಸ್‌ಎಫ್‌ನದು, ಸುಂಕ ಮತ್ತು ವಲಸೆ ತಪಾಸಣೆ ಸರ್ಕಾರದ್ದು. ಕಟ್ಟಡ, ಅಂಗಡಿ, ಲಾಭದಲ್ಲಿ ಬಹುಪಾಲು ಕೆನಡಾದವರದು. ಒಡೆತನವನ್ನೂ ಹಿಡಿತವನ್ನೂ ಹೀಗೆ ಬೇರೆ ಮಾಡಿದ್ದರಿಂದ ಜಗಳ ನಿಲ್ದಾಣದ ಒಳಗೆ ಬರಲಿಲ್ಲ.

ಅದೇ ನಿಲ್ದಾಣದಲ್ಲಿ ಬೇರೊಂದು ಘಟನೆಯೂ ನಡೆಯಿತು. ವಿಮಾನಗಳ ಸಾಮಾನು ಸಾಗಣೆ ಮೊದಲಾದ ನೆಲದ ಸೇವೆ ಒದಗಿಸುತ್ತಿದ್ದ ಟರ್ಕಿಯ ಸೆಲೆಬಿ ಸಮೂಹದ ಭದ್ರತಾ ಅನುಮತಿಯನ್ನು 2025ರ ಮೇ 15ರಂದು, ಆಪರೇಷನ್ ಸಿಂಧೂರದ ಬೆನ್ನಿಗೆ, ಕೇಂದ್ರ ಸರ್ಕಾರ ರದ್ದು ಮಾಡಿತು. ದೇಶದ ಒಂಬತ್ತು ನಿಲ್ದಾಣಗಳಲ್ಲಿ ಕಂಪನಿಯ ಕೆಲಸ ನಿಂತಿತು. ದೆಹಲಿ ಹೈಕೋರ್ಟ್ ಜುಲೈ 7ರಂದು ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ವಿಮಾನದ ಒಡಲಿನ ತನಕ ಹೋಗುವ ಕೆಲಸ ಅದು. ಸರ್ಕಾರಕ್ಕೆ ಆ ಅಧಿಕಾರ ಇರಲೇಬೇಕು. ಆದರೂ ಒಳಗೆ ಬಿಟ್ಟು, ವರ್ಷಗಟ್ಟಲೆ ನಂಬಿ, ಒಂದು ಮಧ್ಯಾಹ್ನ ಹೊರಹಾಕುವುದು ಒರಟು ದಾರಿ. ಆಸ್ಟ್ರೇಲಿಯಾ ಕೂಡ ಈ ಒರಟು ದಾರಿಗೇ ಬಂದು ನಿಂತಿದೆ. ಅಲ್ಲಿನ ಡಾರ್ವಿನ್ ಬಂದರನ್ನು 2015ರಲ್ಲಿ ಪ್ರಾಂತ್ಯ ಸರ್ಕಾರ ಚೀನಾದ ಲ್ಯಾಂಡ್‌ಬ್ರಿಜ್ ಕಂಪನಿಗೆ 99 ವರ್ಷಕ್ಕೆ, 50.6 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಗುತ್ತಿಗೆ ಕೊಟ್ಟಿತು. ಹತ್ತು ವರ್ಷ ತುಂಬುವಷ್ಟರಲ್ಲಿ ರಾಷ್ಟ್ರ ಸರ್ಕಾರ ಅದನ್ನು ಮರಳಿ ಪಡೆಯುತ್ತೇವೆ ಎಂದು ಹೇಳಬೇಕಾಯಿತು. ಜರ್ಮನಿ ಜಾಣತನ ತೋರಿತು. 2018ರಲ್ಲಿ ಚೀನಾದ ಸರ್ಕಾರಿ ಕಂಪನಿ 50 ಹರ್ಟ್ಸ್ ಎಂಬ ವಿದ್ಯುತ್ ಪ್ರಸರಣ ಸಂಸ್ಥೆಯ ಶೇಕಡ 20 ಪಾಲು ಕೊಳ್ಳಲು ಬಂದಾಗ ಜರ್ಮನ್ ಸರ್ಕಾರ ತನ್ನ ಬ್ಯಾಂಕಿನ ಮೂಲಕ ತಾನೇ ಮೊದಲು ಕೊಂಡುಬಿಟ್ಟಿತು.

ಮಿತ್ರದೇಶದ ಒಡೆತನವಾದರೆ ಚಿಂತೆ ಇಲ್ಲ ಎನ್ನುವವರಿಗೆ ಗುಜರಾತಿನ ವಾಡಿನಾರ್ ತೈಲ ಶುದ್ಧೀಕರಣ ಘಟಕದ ಕಥೆ ಹೇಳಬೇಕು. ಅದು ನಯಾರಾ ಎನರ್ಜಿಯದು. ದೇಶದಲ್ಲಿ ಆ ಕಂಪನಿಯ 6,000ಕ್ಕೂ ಹೆಚ್ಚು ಪೆಟ್ರೋಲ್ ಬಂಕ್‌ಗಳಿವೆ, ಕರ್ನಾಟಕದ ರಸ್ತೆ ಬದಿಯಲ್ಲೂ ಇವೆ. ಅದರ ಶೇಕಡ 49.13 ಷೇರು ರಷ್ಯಾದ ರಾಸ್ನೆಫ್ಟ್ ಬಳಿ ಇದೆ. ರಷ್ಯಾ ನಮಗೆ ಶತ್ರುವಲ್ಲ. ಆದರೆ 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ರಷ್ಯಾದ ಮೇಲಿನ ಸಿಟ್ಟಿಗೆ ನಯಾರಾವನ್ನೂ ನಿರ್ಬಂಧದ ಪಟ್ಟಿಗೆ ಸೇರಿಸಿತು. ಕೆಲವೇ ದಿನಗಳಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ನಯಾರಾದ ಇಮೇಲ್ ಮೊದಲಾದ ಸೇವೆಗಳನ್ನು ನಿಲ್ಲಿಸಿಬಿಟ್ಟಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಮತ್ತೆ ಕೊಟ್ಟಿತು. ಒಡೆಯ ರಷ್ಯಾದವ, ಸಿಟ್ಟು ಯುರೋಪಿನದು, ಗುಂಡಿ ಒತ್ತಿದ್ದು ಅಮೆರಿಕದವರು, ಪೆಟ್ಟು ಬಿದ್ದದ್ದು ಗುಜರಾತಿನ ಕಾರ್ಖಾನೆಗೆ. ಹೊರದೇಶದ ಒಡೆತನ ತನ್ನ ಜೊತೆಗೆ ತನ್ನ ಜಗಳಗಳನ್ನೂ ತರುತ್ತದೆ. ತಂತ್ರಾಂಶ ಮಾರುವವನ ಕೈ ಒಡೆಯನ ಕೈಗಿಂತಲೂ ಉದ್ದವಿರಬಹುದು.

ಹಾಗಿದ್ದರೆ ಹೊರದೇಶದ ಹಣವೇ ಬೇಡ ಎನ್ನೋಣವೇ? ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಪಾವಗಡದಂಥ ಪಾರ್ಕು ಕಟ್ಟಲು ಬೇಕಾದ ದುಡ್ಡು ನಮ್ಮ ವಿದ್ಯುತ್ ಸರಬರಾಜು ಕಂಪನಿಗಳ ಬಳಿ ಇಲ್ಲ. ತೊಂಬತ್ತರ ದಶಕದಲ್ಲಿ ಮಂಗಳೂರು ಬಳಿ 1,000 ಮೆಗಾವ್ಯಾಟ್ ಉಷ್ಣ ಸ್ಥಾವರ ಕಟ್ಟಲು ಬಂದ ಅಮೆರಿಕದ ಕೋಜೆಂಟ್ರಿಕ್ಸ್ 1999ರ ಡಿಸೆಂಬರ್‌ನಲ್ಲಿ ಹಿಂದೆ ಸರಿಯಿತು; ಮಹಾರಾಷ್ಟ್ರದ ದಾಭೋಳ್‌ನಲ್ಲಿ ಎನ್ರಾನ್ ಕಟ್ಟಿದ ಸ್ಥಾವರ 2001ರಲ್ಲಿ ನಿಂತೇಹೋಯಿತು. ಆಗಿನ ಜಗಳ ದರದ್ದು, ಪರಿಸರದ್ದು, ಸರ್ಕಾರದ ಖಾತರಿಯದ್ದು. ಆ ಕಹಿಯಿಂದ ಪಾಠ ಕಲಿತು ಬಹಿರಂಗ ಹರಾಜು ಮಾಡಿದ್ದಕ್ಕೇ ಸೌರ ವಿದ್ಯುತ್ ದರ ಮೂರು ರೂಪಾಯಿಯ ಒಳಗೆ ಬಂತು. ಹರಾಜಿಗೆ ಹೊರಗಿನವರು ಬಂದದ್ದರಿಂದ ನಮ್ಮ ಬಿಲ್ಲೂ ಹಗುರಾಯಿತು.

ಹೂಡಿಕೆದಾರನ ಭಯವೂ ನಿಜವಾದದ್ದೇ. ಪಾವಗಡದಲ್ಲಿ ಸ್ಥಾವರ ಕಟ್ಟಿದ ಅದೇ ಫೋರ್ಟಮ್ ಕಂಪನಿಗೆ ರಷ್ಯಾದಲ್ಲಿ ದೊಡ್ಡ ವಿದ್ಯುತ್ ಸ್ಥಾವರಗಳಿದ್ದವು. 2023ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಪುಟಿನ್ ಒಂದು ಸಹಿ ಹಾಕಿ ಅವನ್ನೆಲ್ಲ ಸರ್ಕಾರದ ಉಸ್ತುವಾರಿಗೆ ತೆಗೆದುಕೊಂಡರು. ಅಂಥ ಸುದ್ದಿ ಕೇಳಿದ ಕಂಪನಿ ಮುಂದಿನ ದೇಶದಲ್ಲಿ ಹಣ ಹಾಕುವಾಗ ಹೆಚ್ಚು ಬಡ್ಡಿ ಲೆಕ್ಕ ಹಾಕುತ್ತದೆ, ಆ ಬಡ್ಡಿ ಯೂನಿಟ್ ದರದಲ್ಲಿ ಸೇರುತ್ತದೆ, ಕೊನೆಗೆ ಗ್ರಾಹಕನೇ ಕಟ್ಟುತ್ತಾನೆ. ಆದ್ದರಿಂದ ನಿರ್ಬಂಧಗಳು ಕಟ್ಟುನಿಟ್ಟಾಗಿರಲಿ, ಆದರೆ ಬಾಗಿಲಲ್ಲೇ ಬರೆದಿರಲಿ. ಬರುವವರು ಓದಿಕೊಂಡೇ ಬರಲಿ.

ಪಾವಗಡದ ಪಾರ್ಕನ್ನು ವಿಸ್ತರಿಸುವ ಮಾತು ನಡೆಯುತ್ತಿದೆ, ರೈತರೂ ಭೂಮಿ ಕೊಡಲು ಮುಂದೆ ಬರುತ್ತಿದ್ದಾರೆ. ಹಳೆಯ ಒಪ್ಪಂದಗಳನ್ನು ನಡುವೆ ತಿದ್ದುವುದು ಕಷ್ಟ, ಹೊಸತರಲ್ಲಿ ಬರೆಯುವುದು ಸುಲಭ. ವಿದೇಶಿ ಹೂಡಿಕೆಯ ಕಾನೂನು ಮಾಡುವುದು ಕೇಂದ್ರದ ಕೆಲಸ; ಅಮೆರಿಕ 1975ರಿಂದ, ಬ್ರಿಟನ್ 2022ರಿಂದ ನಡೆಸುತ್ತಿರುವಂತೆ ಜೀವನಾಡಿ ವಲಯಗಳ ಮಾರಾಟವನ್ನೆಲ್ಲ ಒಂದೇ ಕಡೆ ಪರಿಶೀಲಿಸುವ, ನ್ಯಾಯಾಲಯಕ್ಕೆ ಉತ್ತರ ಕೊಡುವ ವ್ಯವಸ್ಥೆ ಇಲ್ಲೂ ಬೇಕು, ಅದನ್ನು ನಮ್ಮ ಸಂಸದರು ಕೇಳಬೇಕು. ಆದರೆ ಗುತ್ತಿಗೆಯ ಷರತ್ತು ಬರೆಯುವುದು ನಮ್ಮದೇ ನಿಗಮ. ಪಾರ್ಕಿನ ಪ್ರತಿ ಸ್ಥಾವರವನ್ನು ನಡೆಸುವ ನಿಯಂತ್ರಣ ಕೊಠಡಿ, ಅದರ ಮಾಹಿತಿ ಇರುವ ಕಂಪ್ಯೂಟರ್ ಎರಡೂ ದೇಶದೊಳಗೇ ಇರಬೇಕು, ಹೊರಗಿನಿಂದ ದುರಸ್ತಿಗೆ ಬರುವವರಿಗೆ ಪ್ರತಿ ಸಲವೂ ಇಲ್ಲಿನ ಎಂಜಿನಿಯರ್ ಬಾಗಿಲು ತೆರೆಯಬೇಕು ಎಂದು ಅದು ಬರೆಯಬಹುದು. ಕಂಪನಿಯ ಹತೋಟಿ ಕೈ ಬದಲಾಗುವ ಮೊದಲು ನಿಗಮದ ಲಿಖಿತ ಒಪ್ಪಿಗೆ ಬೇಕು ಎಂದು ಬರೆಯಬಹುದು. ಸೌರ ಒಪ್ಪಂದಗಳಲ್ಲಿ ಇಂಥ ತಡೆ ಸಾಮಾನ್ಯವಾಗಿ ಮೊದಲ ಕೆಲ ಕಾಲಕ್ಕೆ ಮಾತ್ರ ಇರುತ್ತದೆ, ಅದು ಗುತ್ತಿಗೆಯ ಉದ್ದಕ್ಕೂ ಇರಬೇಕು. ತುರ್ತು ಬಂದಾಗ ನ್ಯಾಯವಾದ ಪರಿಹಾರ ಕೊಟ್ಟು ಸ್ಥಾವರವನ್ನು ನಡೆಸಿಕೊಳ್ಳುವ ಹಕ್ಕನ್ನೂ, ಅದಕ್ಕೆ ಬೇಕಾದ ತರಬೇತಿ ಪಡೆದ ನಮ್ಮವರನ್ನೂ ಮೊದಲೇ ಇಟ್ಟುಕೊಳ್ಳಬಹುದು. ಪಾವಗಡದ ಐಟಿಐ, ಡಿಪ್ಲೊಮಾ ಓದಿದ ಹುಡುಗ ಹುಡುಗಿಯರು ಫಲಕ ಒರೆಸುವ ಕೆಲಸಕ್ಕೇ ನಿಲ್ಲದೆ ನಿಯಂತ್ರಣ ಕೊಠಡಿಯ ಕುರ್ಚಿಯಲ್ಲಿ ಕೂರಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಎಲ್ಲಕ್ಕಿಂತ ಅಗ್ಗದ ಕೆಲಸ ಇನ್ನೊಂದಿದೆ. ಪಾರ್ಕಿನ ಯಾವ ಬ್ಲಾಕು ಯಾವ ಕಂಪನಿಯದು, ಆ ಕಂಪನಿಯ ಹಿಂದಿನ ಕೊನೆಯ ಒಡೆಯ ಯಾರು, ಯಾವ ದೇಶದವನು, ಎಂದಿನಿಂದ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ನಿಗಮ ತನ್ನ ಜಾಲತಾಣದಲ್ಲಿ ಹಾಕಬೇಕು, ಆ ಐದು ಗ್ರಾಮಗಳ ಪಂಚಾಯಿತಿ ಕಚೇರಿಗಳ ಗೋಡೆಗೂ ಅಂಟಿಸಬೇಕು, ಕೈ ಬದಲಾದಾಗಲೆಲ್ಲ ತಿದ್ದಬೇಕು. ನೆಲ ಕೊಟ್ಟ ರೈತನಿಗೆ ತನ್ನ ಹೊಲದ ಮೇಲೆ ಕುಳಿತಿರುವವರು ಯಾರೆಂದು ತಿಳಿಯುವ ಹಕ್ಕಿದೆ. ಈ ಭಾಗದ ಶಾಸಕರು, ಪಂಚಾಯಿತಿ ಸದಸ್ಯರು, ರೈತ ಸಂಘದವರು ಹೊಸ ಹರಾಜಿನ ಟೆಂಡರ್ ಹೊರಬೀಳುವ ಮೊದಲೇ ಇಂಧನ ಸಚಿವರ ಮುಂದೆ ಈ ಷರತ್ತುಗಳನ್ನು ಇಡಬೇಕು. ಸಹಿ ಬಿದ್ದ ಮೇಲೆ ಕೇಳಲು 28 ವರ್ಷ ಕಾಯಬೇಕಾಗುತ್ತದೆ.